ಈ ರೊಕ್ಕ ಯಾರದು ಅಕ್ಕಾ?

ಮೊದಲು ಒಂದು ಕಾಗದದ ವಿಷಯ ಹೇಳುತ್ತೇನೆ.

1970ರ ದಶಕದ ದಕ್ಷಿಣ ಆಫ್ರಿಕಾ. ಪೋರ್ಟ್ ಎಲಿಜಬೆತ್ ಊರಿನ ಅಂಚಿಗೆ ನ್ಯೂ ಬ್ರೈಟನ್ ಅಂತ ಒಂದು ಬಡಾವಣೆ. ಕಪ್ಪು ಜನ ಅಲ್ಲೇ ಇರಬೇಕು ಅಂತ ಸರ್ಕಾರ ಗೊತ್ತು ಮಾಡಿದ ಜಾಗ. ಅಲ್ಲಿ ಒಂದು ಮನೆ ಅಂದುಕೊಳ್ಳಿ. ಗಂಡ ರಾಬೆನ್ ದ್ವೀಪದ ಜೈಲಿನಲ್ಲಿದ್ದಾನೆ. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು. ಒಂದು ದಿನ ಅಂಚೆಯವನು ಇಂಗ್ಲೆಂಡಿನ ಸ್ಟಾಂಪ್ ಹಚ್ಚಿದ ಲಕೋಟೆ ಕೊಟ್ಟು ಹೋಗುತ್ತಾನೆ. ಬರೆದವಳು ಯಾರೋ ಈಕೆಗೆ ಗೊತ್ತಿಲ್ಲ. ಒಡೆದು ನೋಡಿದರೆ, ಇಲ್ಲಿ ಚಳಿ ಜೋರಾಗಿದೆ, ನನ್ನ ಮಗ ಹೊಸ ಶಾಲೆಗೆ ಸೇರಿದ, ನಿಮ್ಮ ಮಕ್ಕಳು ಹೇಗಿದ್ದಾರೆ ಅಂತ ನಾಲ್ಕು ಸಾಲು. ಜೊತೆಗೆ ಒಂದು ಪೋಸ್ಟಲ್ ಆರ್ಡರ್. ರಾಜಕೀಯದ ಒಂದು ಮಾತೂ ಇಲ್ಲ. ಕೆಲವು ವಾರ ಕಳೆದರೆ ಮತ್ತೊಂದು ಕಾಗದ, ಮತ್ತೊಂದು ಪೋಸ್ಟಲ್ ಆರ್ಡರ್.

ಆ ದುಡ್ಡು ಕಾಗದ ಬರೆದವಳದ್ದಲ್ಲ. ಅದರ ಬೇರು ಹುಡುಕಿಕೊಂಡು ಹೋದರೆ ಸ್ವೀಡನ್ ಸರ್ಕಾರದ ಖಜಾನೆ ಸಿಗುತ್ತದೆ. ಒಂದು ದೇಶದ ವಿದೇಶಾಂಗ ನೀತಿ ಕೊನೆಗೆ ಹೀಗೊಂದು ಅಡುಗೆಮನೆಗೆ ಬಂದು ತಲುಪಿತ್ತು. ಬೇರೆ ದೇಶದ ಸಂಘ-ಸಂಸ್ಥೆಗಳಿಗೆ, ಹೋರಾಟಗಾರರಿಗೆ, ವಕೀಲರಿಗೆ ಸರ್ಕಾರಗಳು ಯಾಕೆ ದುಡ್ಡು ಕೊಡುತ್ತವೆ, ಕೊಡಬೇಕಾ, ಕೊಟ್ಟರೆ ಹೇಗೆ ಕೊಡಬೇಕು ಅನ್ನುವ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ ಇದು. ಅದಕ್ಕೇ ಇವತ್ತು ಪೂರಾ ಇದನ್ನೇ ಹಿಡಿದುಕೊಂಡು ಮಾತಾಡುತ್ತೇನೆ.

ನನಗೆ ಈ ವಿಷಯ ಯಾಕೆ ಹತ್ತಿರದ್ದು ಅಂತ ಹೇಳಬೇಕು. ನಾನು ರಾಯಚೂರು ಜಿಲ್ಲೆಯಲ್ಲಿ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ನೋಡಿಕೊಂಡಿದ್ದವಳು. ಕೂಲಿ ಹೆಣ್ಣುಮಕ್ಕಳಿಗೆ ಕಾನೂನು ನೆರವು ನಮ್ಮ ಕೆಲಸ. ಗಂಡ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬರಬೇಕು, ಅದಕ್ಕೆ ವಂಶಾವಳಿ ಬೇಕು, ಅಫಿಡವಿಟ್ ಬೇಕು, ತಹಸೀಲ್ದಾರ್ ಕಚೇರಿಗೆ ಏಳೆಂಟು ಸಲ ಓಡಾಡಬೇಕು. ಆ ಓಡಾಟದ ಬಸ್ ಚಾರ್ಜ್, ವಕೀಲರ ಫೀಸು ಇವನ್ನು ನಾವು ಕೊಡುತ್ತಿದ್ದೆವು. ಹಣ ಬರುತ್ತಿದ್ದುದು ಹೊರದೇಶದಿಂದ, ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಮೂಲಕ.

ಒಂದು ಮಧ್ಯಾಹ್ನ ದೇವದುರ್ಗದ ಕಡೆಯ ಒಬ್ಬಾಕೆ ವೋಚರ್ ಮೇಲೆ ಹೆಬ್ಬೆಟ್ಟು ಒತ್ತಿದಳು. 140 ರೂಪಾಯಿ. ಒತ್ತಿ, ಬೆರಳಿನ ಮಸಿ ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದಳು: “ಈ ರೊಕ್ಕ ಯಾರದು ಅಕ್ಕಾ? ಅವರಿಗೆ ನಮ್ಮ ಮ್ಯಾಲ ಯಾಕ ಇಷ್ಟು ಪ್ರೀತಿ?”

ನಾನು ಏನೋ ಹೇಳಿ ಮುಗಿಸಿದೆ. ಆದರೆ ಅಷ್ಟು ನೇರವಾದ ಪ್ರಶ್ನೆಯನ್ನು ನನಗೆ ಯಾವ ಆಡಿಟರೂ ಕೇಳಿರಲಿಲ್ಲ. ಆಮೇಲೆ ಓದುತ್ತಾ ಹೋದೆ. ಓದಿದ್ದರಲ್ಲಿ ನನ್ನ ಕೈ ಹಿಡಿದದ್ದು ದಕ್ಷಿಣ ಆಫ್ರಿಕಾದ ಈ ಕಥೆ.

1956ರ ಡಿಸೆಂಬರ್. ದಕ್ಷಿಣ ಆಫ್ರಿಕಾದ ಸರ್ಕಾರ ಒಂದೇ ಏಟಿಗೆ 156 ಜನರ ಮೇಲೆ ದೇಶದ್ರೋಹದ ಕೇಸು ಹಾಕಿತು. ಮಂಡೇಲಾ ಇದ್ದರು, ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಆಗಿನ ಅಧ್ಯಕ್ಷ ಲುಥುಲಿ ಇದ್ದರು, ಬಿಳಿಯರು, ಭಾರತೀಯ ಮೂಲದವರು ಎಲ್ಲ ಇದ್ದರು. ಕೇಸು ನಾಲ್ಕು ವರ್ಷಕ್ಕೂ ಜಾಸ್ತಿ ನಡೆಯಿತು. ನಾಲ್ಕು ವರ್ಷ ಕೋರ್ಟಿಗೆ ಅಲೆದರೆ ಒಂದು ಮನೆಯ ಗತಿ ಏನಾಗುತ್ತದೆ, ಇಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕೆಲಸ ಹೋಗುತ್ತದೆ, ಬಾಡಿಗೆ ನಿಲ್ಲುತ್ತದೆ, ಮಕ್ಕಳ ಶಾಲೆ ನಿಲ್ಲುತ್ತದೆ. ಶಿಕ್ಷೆ ಆಗುವ ಮೊದಲೇ ಶಿಕ್ಷೆ. ಆಗ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಾದ್ರಿ ಜಾನ್ ಕಾಲಿನ್ಸ್ ಚಂದಾ ಎತ್ತಲು ಶುರು ಮಾಡಿದರು. ವಕೀಲರ ಖರ್ಚಿಗೆ ಒಂದು ಪಾಲು, ಮನೆಯವರ ಹೊಟ್ಟೆಗೆ ಒಂದು ಪಾಲು. 1961ರ ಮಾರ್ಚಿನಲ್ಲಿ ಕೊನೆಯ ಆರೋಪಿಗಳೂ ಖುಲಾಸೆಯಾದರು. ಕಾಲಿನ್ಸ್ ಶುರು ಮಾಡಿದ ಆ ನಿಧಿಯೇ ಬೆಳೆದು ‘ಡಿಫೆನ್ಸ್ ಅಂಡ್ ಏಡ್ ಫಂಡ್’ ಆಯಿತು.

ಇಷ್ಟರಲ್ಲಿ ಸ್ವೀಡನ್ನಿನಲ್ಲಿ ಏನಾಯಿತು? ಇದು ನನಗೆ ತುಂಬಾ ಮುಖ್ಯ ಅನಿಸುವ ಭಾಗ. ಅಲ್ಲಿ ಮೊದಲು ಎದ್ದದ್ದು ಸರ್ಕಾರ ಅಲ್ಲ. ಗುನ್ನಾರ್ ಹೆಲಾಂಡರ್ ಅಂತ ಒಬ್ಬ ಪಾದ್ರಿ, ದಕ್ಷಿಣ ಆಫ್ರಿಕಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು. ಪೇರ್ ವೆಸ್ಟ್‌ಬರ್ಗ್ ಅಂತ ಒಬ್ಬ ಯುವ ಲೇಖಕ, ಅಲ್ಲಿನ ಪರಿಸ್ಥಿತಿ ಕಣ್ಣಾರೆ ನೋಡಿ ಪತ್ರಿಕೆಗಳಲ್ಲಿ ಬರೆದವರು. 1959ರಲ್ಲಿ ಇವರೆಲ್ಲ ಸೇರಿ ಜನರ ಹತ್ತಿರ ದುಡ್ಡು ಕೂಡಿಸಲು ಒಂದು ನಿಧಿ ಮಾಡಿದರು. ಮರುವರ್ಷ ಮಾರ್ಚ್ 21ಕ್ಕೆ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಆಮೇಲೆ ಚರ್ಚುಗಳು, ಕಾರ್ಮಿಕ ಸಂಘಗಳು, ವಿದ್ಯಾರ್ಥಿಗಳು ಎಲ್ಲ ಕಡೆಯಿಂದ ಒತ್ತಾಯ ಬಂತು. ಅದಾದ ಮೇಲೆ, 60ರ ದಶಕದ ಮಧ್ಯದಲ್ಲಿ, ಸ್ವೀಡನ್ ಸರ್ಕಾರ ತನ್ನ ಖಜಾನೆಯಿಂದ ಡಿಫೆನ್ಸ್ ಅಂಡ್ ಏಡ್‌ಗೆ ಹಣ ಕೊಡಲು ಮುಂದಾಯಿತು. ಪಶ್ಚಿಮದ ಸರ್ಕಾರಗಳಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಜನ ಮುಂದೆ ಹೋದರು, ಸರ್ಕಾರ ಹಿಂದಿನಿಂದ ಬಂತು.

1965ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯೂ ಒಂದು ಟ್ರಸ್ಟ್ ಫಂಡ್ ಮಾಡಿತು. ಕೆಲಸ ಅದೇ: ಕೇಸು ನಡೆಸಲು ನೆರವು, ಕೈದಿಗಳ ಮನೆಯವರಿಗೆ ನೆರವು. ಸರ್ಕಾರಗಳು ಸ್ವಂತ ಇಷ್ಟದಿಂದ ಅದಕ್ಕೆ ಹಣ ಹಾಕುತ್ತಿದ್ದವು. ಅದರ ಹಿಂದೆ ಬಿಡದೆ ದುಡಿದವರು ನಮ್ಮ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯವರು, ಇ. ಎಸ್. ರೆಡ್ಡಿ. ಏನುಗ ಶ್ರೀನಿವಾಸುಲು ರೆಡ್ಡಿ. 1949ರಿಂದ ವಿಶ್ವಸಂಸ್ಥೆಯಲ್ಲಿ ನೌಕರಿ ಮಾಡಿದವರು, 1963ರಿಂದ ಅಲ್ಲಿನ ವರ್ಣಭೇದ ವಿರೋಧಿ ಸಮಿತಿಯ ಕಾರ್ಯದರ್ಶಿ. ಭಾಷಣ ಮಾಡಿ ಹೆಸರು ತಗೊಂಡವರಲ್ಲ. ಯಾವ ರಾಯಭಾರಿಯ ಹತ್ತಿರ ಯಾವಾಗ ಹೋಗಿ ಏನು ಕೇಳಬೇಕು ಅಂತ ತಿಳಿದಿದ್ದವರು. 2020ರಲ್ಲಿ ತೀರಿಕೊಂಡರು. ಗಾಂಧಿಯ ದಕ್ಷಿಣ ಆಫ್ರಿಕಾದ ದಿನಗಳ ಬಗ್ಗೆ ಅವರು ಕೂಡಿಟ್ಟ ಕಾಗದಪತ್ರ ನಮ್ಮ ಬೆಂಗಳೂರಿನ ರಾಮಚಂದ್ರ ಗುಹಾ ಅವರ ಕೆಲಸಕ್ಕೂ ಬಹಳ ಒದಗಿ ಬಂತು. ಇಂಥವರನ್ನು ನಾವು ನೆನೆಯುವುದೇ ಇಲ್ಲ. ಅದು ನನಗೆ ನೋವಿನ ವಿಷಯ, ಅದಕ್ಕೆ ಸ್ವಲ್ಪ ದಾರಿ ತಪ್ಪಿ ಇಲ್ಲಿ ನಿಂತೆ.

ಭಾರತದ ಪಾಲೂ ಇದರಲ್ಲಿ ಸಣ್ಣದಲ್ಲ. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಬರುವ ಮೊದಲೇ, ದಕ್ಷಿಣ ಆಫ್ರಿಕಾದ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದದ್ದು ನಾವು. ಅದೇ ವರ್ಷ ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿದೆವು. 1967ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ದೆಹಲಿಯಲ್ಲಿ ಕಚೇರಿ ತೆರೆಯಲು ಜಾಗ ಕೊಟ್ಟೆವು. ಆ ಪಕ್ಷ ತನ್ನ ದೇಶದಲ್ಲಿ ನಿಷೇಧವಾಗಿದ್ದ ಕಾಲ ಅದು. ಬೇರೆ ದೇಶದ ಸರ್ಕಾರವನ್ನು ದಾಟಿ, ಅಲ್ಲಿನ ಜನರ ಜೊತೆ ನಿಲ್ಲುವುದು ನಮಗೂ ಹೊಸದಲ್ಲ ಅಂತ ಹೇಳಲು ಇದನ್ನು ತಂದೆ.

ಈಗ ಕಾಗದದ ವಿಷಯಕ್ಕೆ ವಾಪಸ್ ಬರೋಣ.

1966ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾ ಡಿಫೆನ್ಸ್ ಅಂಡ್ ಏಡ್ ಸಂಸ್ಥೆಯನ್ನು ನಿಷೇಧಿಸಿತು. ಅದರ ದುಡ್ಡು ಮುಟ್ಟಿದರೂ ಜೈಲು. ಕಾಲಿನ್ಸ್ ಮತ್ತು ಅವರ ಜೊತೆಯವರು ಎರಡು ದಾರಿ ಮಾಡಿದರು. ಒಂದು ವಕೀಲರಿಗೆ, ಇನ್ನೊಂದು ಮನೆಗಳಿಗೆ. ವಕೀಲರ ದಾರಿ ಹೀಗೆ: ಲಂಡನ್ನಿನ ಒಂದು ವಕೀಲರ ಕಚೇರಿಯಿಂದ ದಕ್ಷಿಣ ಆಫ್ರಿಕಾದ ವಕೀಲರಿಗೆ ಕಾಗದ ಹೋಗುತ್ತದೆ. ಇಂಥ ಕೇಸಿನಲ್ಲಿ ನಮ್ಮ ಕಕ್ಷಿದಾರರಿಗೆ ಆಸಕ್ತಿ ಇದೆ, ಫೀಸು ನಾವು ಕಟ್ಟುತ್ತೇವೆ, ಅಂತ. ಹಣ ಎಲ್ಲಿಂದ ಬಂತು ಅಂತ ಅಲ್ಲಿನ ವಕೀಲರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ನಾಳೆ ಪೊಲೀಸರು ಕೇಳಿದರೆ ಗೊತ್ತಿಲ್ಲ ಅನ್ನುವುದು ಸುಳ್ಳಾಗಬಾರದಲ್ವಾ?

ಮನೆಗಳಿಗೆ ಹೋಗುವ ದಾರಿಯೇ ಕಾಗದ. ಬ್ರಿಟನ್ನಿನಲ್ಲಿ, ಬೇರೆ ದೇಶಗಳಲ್ಲಿ ನೂರಾರು ಸಾಮಾನ್ಯ ಜನ ಇದಕ್ಕೆ ಒಪ್ಪಿಕೊಂಡರು. ಮನೆವಾರ್ತೆ ನೋಡುವ ಹೆಂಗಸರು, ಮೇಷ್ಟ್ರು, ನಿವೃತ್ತರು. ಒಬ್ಬೊಬ್ಬರಿಗೆ ಒಂದೋ ಎರಡೋ ಕುಟುಂಬ. ತಮ್ಮ ಸ್ವಂತ ವಿಳಾಸದಿಂದ, ತಮ್ಮ ಕೈಬರಹದಲ್ಲಿ ಬರೆಯಬೇಕು. ಸ್ನೇಹಿತರ ಹಾಗೆ ಬರೆಯಬೇಕು. ಪೋಸ್ಟಲ್ ಆರ್ಡರ್ ಕೊಂಡು ಒಳಗಿಡಬೇಕು. ಆ ಕಡೆಯಿಂದ ಉತ್ತರ ಬಂದರೆ ಅದನ್ನು ಲಂಡನ್ನಿಗೆ ಮುಟ್ಟಿಸಬೇಕು. ಉತ್ತರದಲ್ಲಿ ಏನಿರುತ್ತಿತ್ತು? ದುಡ್ಡು ಬಂತು, ದೊಡ್ಡವಳಿಗೆ ಶಾಲೆಯ ಶೂ ತಗೊಂಡೆ, ಬಾಡಿಗೆ ಬಾಕಿ ತೀರಿತು, ಗಂಡನ ಕಾಗದ ಬಂದಿಲ್ಲ. ಅದೇ ರಸೀದಿ, ಅದೇ ಫೀಲ್ಡ್ ರಿಪೋರ್ಟ್. ವರ್ಷಗಟ್ಟಲೆ ಲೆಕ್ಕ ಬರೆದವಳಾಗಿ ಹೇಳುತ್ತೇನೆ, ಇದಕ್ಕಿಂತ ಚೊಕ್ಕ ವೋಚರ್ ಇನ್ನೊಂದಿಲ್ಲ.

ಕೆಲವರು ಹೀಗೆ ಹತ್ತಾರು ವರ್ಷ ಬರೆದರು. ಸುಮ್ನೆ ಮುಖವಾಡಕ್ಕೆ ಅಂತ ಶುರುವಾದ ಸ್ನೇಹ ನಿಜವಾದ ಸ್ನೇಹವೇ ಆಯಿತು. ಒಟ್ಟು ಸುಮಾರು 10 ಕೋಟಿ ಪೌಂಡ್ ಹಣ ಈ ಎರಡು ದಾರಿಗಳಲ್ಲಿ ದಕ್ಷಿಣ ಆಫ್ರಿಕಾ ಸೇರಿತು ಅಂತ ಲೆಕ್ಕ. ಇಷ್ಟು ವರ್ಷ ಆ ದೇಶದ ಗುಪ್ತಚರರಿಗೆ ಇದರ ಬುಡ ಸಿಗಲಿಲ್ಲ.

ಈ ದುಡ್ಡಿನಿಂದ ಏನು ಸಿಕ್ಕಿತು? ಕೆಲವರಿಗೆ ಅನಿಸಬಹುದು, ಕೋರ್ಟು ಅವರದೇ, ಕಾನೂನು ಅವರದೇ, ವಕೀಲರನ್ನು ಇಟ್ಟು ಏನು ಪ್ರಯೋಜನ ಅಂತ. 1963ರ ಕಾನೂನಿನ ಪ್ರಕಾರ ಕೇಸು ಇಲ್ಲದೆ 90 ದಿನ ಕೂಡಿಹಾಕಬಹುದಿತ್ತು. 1967ರ ಭಯೋತ್ಪಾದನೆ ಕಾನೂನು ಬಂದ ಮೇಲೆ ದಿನದ ಲೆಕ್ಕವೇ ಇಲ್ಲ. ಒಳಗೆ ಏನು ಮಾಡಿದರು ಅಂತ ಹೊರಗೆ ಗೊತ್ತಾಗಬೇಕಾದರೆ ಕೋರ್ಟಿನಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕು. ಅದು ದಾಖಲೆಯಾಗಬೇಕು. ಪತ್ರಿಕೆಯವರು ಬರೆದುಕೊಳ್ಳಬೇಕು. 1964ರ ಜೂನ್ 12ರಂದು ರಿವೋನಿಯಾ ಕೇಸಿನಲ್ಲಿ ಮಂಡೇಲಾ ಮತ್ತು ಏಳು ಜನರಿಗೆ ಜೀವಾವಧಿ ಶಿಕ್ಷೆ ಆಯಿತು. ಗಲ್ಲು ಆಗುತ್ತದೆ ಅಂತ ಬಹಳ ಜನ ಹೆದರಿದ್ದ ಕೇಸು ಅದು. ಒಳ್ಳೆಯ ವಕೀಲರು ಇದ್ದರು, ಜಗತ್ತು ನೋಡುತ್ತಿತ್ತು. ಆ ಕೇಸಿಗೂ ಡಿಫೆನ್ಸ್ ಅಂಡ್ ಏಡ್ ಹಣ ಹೋಗಿತ್ತು.

ಇನ್ನು ಮನೆಯವರ ಪಾಲು. ರಾಬೆನ್ ದ್ವೀಪಕ್ಕೆ ಹೋದ ಹೊಸ ರಾಜಕೀಯ ಕೈದಿಗೆ ಆರು ತಿಂಗಳಿಗೆ ಒಂದು ಭೇಟಿ, ಒಂದು ಕಾಗದ. ಭೇಟಿ ಅರ್ಧ ಗಂಟೆ. ಜೋಹಾನ್ಸ್‌ಬರ್ಗಿನಿಂದ ಕೇಪ್‌ಟೌನಿಗೆ ಸುಮಾರು 1,400 ಕಿಲೋಮೀಟರ್, ಅಲ್ಲಿಂದ ದೋಣಿ. ಮನೆಗೆಲಸ ಮಾಡಿ ಮಕ್ಕಳನ್ನು ಸಾಕುವ ಹೆಂಗಸು ಆ ಟಿಕೆಟ್ ದುಡ್ಡು ಎಲ್ಲಿಂದ ತರಬೇಕು? ಟಿಕೆಟ್ ಸಿಕ್ಕರೆ ಅರ್ಧ ಗಂಟೆ ಗಂಡನ ಮುಖ ನೋಡಬಹುದು. ಒಳಗಿರುವವನಿಗೂ ಮನೆ ಉಳಿದಿದೆ, ಮಕ್ಕಳು ಓದುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಹೋರಾಟಗಾರರು ಸೋಲುವುದು ಎಷ್ಟೋ ಸಲ ಪೊಲೀಸರಿಗಲ್ಲ, ಮನೆಯ ಬಾಡಿಗೆಗೆ. ನಾನು ನನ್ನ ಜಿಲ್ಲೆಯಲ್ಲೂ ಇದನ್ನು ನೋಡಿದ್ದೇನೆ.

ಸ್ವೀಡನ್ ಇದಕ್ಕೆಲ್ಲ ಬದಲಿಗೆ ಏನು ಕೇಳಿತು ಅಂತ ನಾನು ಹುಡುಕಿದೆ. ಲೆಕ್ಕ ಕೇಳಿತು, ಅದು ಸರಿ. ಯಾವ ಕೇಸಿಗೆ ಹಣ, ಯಾವ ಮನೆಗೆ ಹಣ ಅಂತ ತೀರ್ಮಾನ ಮಾಡುವ ಕೆಲಸಕ್ಕೆ ಕೈ ಹಾಕಲಿಲ್ಲ. ತನ್ನ ಬಾವುಟ ಹಚ್ಚಲಿಲ್ಲ. ನ್ಯೂ ಬ್ರೈಟನ್ನಿನ ಆ ಹೆಂಗಸಿಗೆ ಸ್ವೀಡನ್ ಅನ್ನುವ ಹೆಸರೇ ಗೊತ್ತಾಗಲಿಲ್ಲ. ಕೊನೆಯ ಕೈ ಯಾರದು ಅಂದರೆ, ಆ ಕುಟುಂಬದ ಹೆಸರು, ಮಕ್ಕಳ ವಯಸ್ಸು ತಿಳಿದ ಒಬ್ಬ ಮನುಷ್ಯರದು. ಸರ್ಕಾರ ಹಿಂದೆ ನಿಂತಿತು. ಆಮೇಲೆ 70ರ ದಶಕದಿಂದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೇ ನೇರವಾಗಿ ಊಟ, ಬಟ್ಟೆ, ಔಷಧಿ, ಶಾಲೆಗಳಿಗೆ ಅಂತ ಕೊಡತೊಡಗಿತು. ಆಯುಧಕ್ಕೆ ಮಾತ್ರ ಇಲ್ಲ ಅಂತ ಗೆರೆ ಹಾಕಿಕೊಂಡಿತ್ತು.

ಸ್ವೀಡನ್ನನ್ನು ದೇವರು ಮಾಡುವುದು ಬೇಡ. ಇದೇ ಕಾಲದಲ್ಲಿ ಅದರ ಕಂಪನಿಗಳು ದಕ್ಷಿಣ ಆಫ್ರಿಕಾದಲ್ಲಿ ಕಾರ್ಖಾನೆ ನಡೆಸುತ್ತಿದ್ದವು. ಹೊಸ ಬಂಡವಾಳ ಹಾಕಬಾರದು ಅಂತ ಕಾನೂನು ಬಂದದ್ದು 1979ರಲ್ಲಿ. ವ್ಯಾಪಾರ ನಿಂತದ್ದು 1987ರಲ್ಲಿ. ಒಂದು ಕೈಯಲ್ಲಿ ಕೈದಿಯ ಮನೆಗೆ ದುಡ್ಡು, ಇನ್ನೊಂದು ಕೈಯಲ್ಲಿ ಜೈಲು ಕಟ್ಟಿದವರ ಜೊತೆ ವ್ಯಾಪಾರ. ಅಲ್ಲಿನ ಜನರೇ ಇದನ್ನು ಎತ್ತಿ ಆಡಿದರು, ಬೀದಿಗೆ ಬಂದರು, ಆಮೇಲೆ ಬದಲಾಯಿತು. ಪ್ರಧಾನಿ ಉಲೋಫ್ ಪಾಲ್ಮೆ 1986ರ ಫೆಬ್ರುವರಿ 21ರಂದು ಸ್ಟಾಕ್‌ಹೋಮಿನ ವರ್ಣಭೇದ ವಿರೋಧಿ ಸಮಾವೇಶದಲ್ಲಿ, ಈ ವ್ಯವಸ್ಥೆಯನ್ನು ತಿದ್ದಲು ಆಗುವುದಿಲ್ಲ, ತೆಗೆದುಹಾಕಲೇಬೇಕು ಅಂತ ಮಾತಾಡಿದರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಆಗಿನ ಅಧ್ಯಕ್ಷ ಆಲಿವರ್ ಟಾಂಬೋ ಅಲ್ಲೇ ಇದ್ದರು. ಒಂದು ವಾರಕ್ಕೆ, 28ನೇ ತಾರೀಕು, ರಸ್ತೆಯಲ್ಲಿ ನಡೆದು ಹೋಗುವಾಗ ಪಾಲ್ಮೆ ಅವರನ್ನು ಗುಂಡಿಟ್ಟು ಕೊಂದರು.

ಈಗ ಇನ್ನೊಂದು ಬದಿ ನೋಡಬೇಕು. ಹೊರಗಿನ ದುಡ್ಡು ಬಂದರೆ ಆ ದೇಶದ ಸರ್ಕಾರ ಸುಮ್ಮನೆ ಇರುತ್ತದಾ? 1974ರಲ್ಲಿ ದಕ್ಷಿಣ ಆಫ್ರಿಕಾ ಒಂದು ಕಾನೂನು ಮಾಡಿತು. ಹೊರದೇಶದ ಹಣ ಪಡೆದು ರಾಜಕೀಯ ಮಾಡುತ್ತದೆ ಅನಿಸಿದ ಸಂಸ್ಥೆಯನ್ನು ‘ಬಾಧಿತ ಸಂಸ್ಥೆ’ ಅಂತ ಘೋಷಿಸಬಹುದು. ಘೋಷಿಸಿದ ಮೇಲೆ ಹೊರಗಿನಿಂದ ಒಂದು ಕಾಸೂ ಬರುವ ಹಾಗಿಲ್ಲ. ಮೊದಲು ವಿದ್ಯಾರ್ಥಿ ಸಂಘಕ್ಕೆ ಬಿತ್ತು ಏಟು. ಮರುವರ್ಷ ಬೆಯರ್ಸ್ ನೌಡೆ ಎಂಬ ಬಿಳಿಯ ಪಾದ್ರಿಯ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್‌ಗೆ. 1981ರಲ್ಲಿ ಚರ್ಚುಗಳ ಮಂಡಳಿಯ ಲೆಕ್ಕ ತನಿಖೆ ಮಾಡಲು ನ್ಯಾಯಾಧೀಶ ಎಲೋಫ್ ಅವರ ಆಯೋಗ ಕೂತಿತು. ಮಂಡಳಿಯ ಹಣದಲ್ಲಿ ಬಹುಪಾಲು ಹೊರದೇಶದ್ದೇ. ಆಗ ಅದರ ಪ್ರಧಾನ ಕಾರ್ಯದರ್ಶಿ ಡೆಸ್ಮಂಡ್ ಟುಟು. ಅವರು ಆಯೋಗದ ಮುಂದೆ ನಿಂತು ಲೆಕ್ಕದ ಮಾತಿಗಿಂತ ಜಾಸ್ತಿ ಬೈಬಲ್ಲಿನ ಮಾತೇ ಆಡಿದರು. ಕೈದಿಯ ಮನೆಗೆ ಅನ್ನ ಕೊಡುವುದು ನಮ್ಮ ಧರ್ಮ, ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ ಅನ್ನುವುದು ಅವರ ನಿಲುವು. ಮಂಡಳಿಯ ಹಣ ನಿಲ್ಲಿಸುವ ಮಟ್ಟಕ್ಕೆ ಆಯೋಗ ಕೊನೆಗೂ ಹೋಗಲಿಲ್ಲ. 1986ರಲ್ಲಿ ಯುನೈಟೆಡ್ ಡೆಮಾಕ್ರಟಿಕ್ ಫ್ರಂಟ್ ಎಂಬ ನೂರಾರು ಸಂಘಗಳ ಒಕ್ಕೂಟದ ಮೇಲೆ ಅದೇ ಕಾನೂನು ಬಂತು.

1974 ಅಂದೆ. ಹೊರದೇಶದ ಹಣ ಪಡೆಯುವುದಕ್ಕೆ ಕಡಿವಾಣ ಹಾಕುವ ನಮ್ಮ ಕಾನೂನು, ಎಫ್‌ಸಿಆರ್‌ಎ, ಬಂದದ್ದು ಯಾವಾಗ? 1976, ತುರ್ತು ಪರಿಸ್ಥಿತಿಯ ನಡುವೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಬಹುಸಂಖ್ಯಾತರಿಗೆ ಮತವೇ ಇರಲಿಲ್ಲ. ಹೊರಗಿನ ಹಣದ ಬಗ್ಗೆ ಇರುವ ಅಂಜಿಕೆ ಪೂರ್ತಿ ಸುಳ್ಳೂ ಅಲ್ಲ. 1967ರಲ್ಲಿ ಅಮೆರಿಕದ ಒಂದು ಪತ್ರಿಕೆ, ಅಲ್ಲಿನ ರಾಷ್ಟ್ರೀಯ ವಿದ್ಯಾರ್ಥಿ ಸಂಘಕ್ಕೆ ಗುಪ್ತಚರ ಸಂಸ್ಥೆ ಸಿಐಎ ವರ್ಷಗಟ್ಟಲೆ ಗುಟ್ಟಾಗಿ ಹಣ ಕೊಟ್ಟಿದೆ ಅಂತ ಬಯಲು ಮಾಡಿತು. ಸಂಘ, ವೇದಿಕೆ, ಪತ್ರಿಕೆ ಎಲ್ಲದರ ಹಿಂದೆ ಅದೇ ಕೈ ಕಾಣತೊಡಗಿತು. ನಮ್ಮ ಸಂಸತ್ತಿನಲ್ಲೂ ಗದ್ದಲ ಆಯಿತು. ಆ ದುಡ್ಡು ತಗೊಂಡ ಎಷ್ಟೋ ಜನರಿಗೆ ಅದು ಯಾರದು ಅಂತ ಗೊತ್ತೇ ಇರಲಿಲ್ಲ.

ಇಲ್ಲಿ ನೀವು ಕೇಳಬೇಕು: ಅಲ್ಲೂ ಗುಟ್ಟು, ಇಲ್ಲೂ ಗುಟ್ಟು, ವ್ಯತ್ಯಾಸ ಏನು? ನಾನು ತುಂಬಾ ದಿನ ಯೋಚನೆ ಮಾಡಿದ್ದೇನೆ. ಸ್ವೀಡನ್ನಿನಲ್ಲಿ ಕೊಡುವವರ ಕಡೆ ಗುಟ್ಟಿರಲಿಲ್ಲ. ಸಂಸತ್ತಿನಲ್ಲಿ ಚರ್ಚೆ ಆಗಿ, ಬಜೆಟ್ಟಿನಲ್ಲಿ ಬರೆದು, ಜನ ಒಪ್ಪಿ ಕೊಟ್ಟ ಹಣ ಅದು. ದಾರಿ ಮಾತ್ರ ಗುಟ್ಟು, ಅದೂ ತಗೊಳ್ಳುವವರ ಜೀವ ಉಳಿಸಲು. ಸಿಐಎ ವಿಷಯದಲ್ಲಿ ಕೊಡುವ ದೇಶದ ಜನರಿಗೇ ಗೊತ್ತಿರಲಿಲ್ಲ. ಮತ್ತೆ ತಗೊಂಡವರ ಬಾಯಲ್ಲಿ ಯಾವ ಮಾತು ಬರಬೇಕು ಅನ್ನುವುದು ಕೊಟ್ಟವರ ಮನಸ್ಸಿನಲ್ಲಿತ್ತು. ದೇವದುರ್ಗದ ಆ ಹೆಣ್ಣುಮಗಳ ಪ್ರಶ್ನೆಯ ಎರಡನೇ ಭಾಗ ಅದೇ ನೋಡಿ. ಯಾಕ ಇಷ್ಟು ಪ್ರೀತಿ?

ಗುಟ್ಟಿನ ದಾರಿಗೆ ಅದರದೇ ಅಪಾಯವೂ ಇದೆ. ಜಿನೀವಾದಲ್ಲಿ ಇನ್ನೊಂದು ಸಂಸ್ಥೆ ಇತ್ತು, ಐಯುಇಎಫ್ ಅಂತ. ನಿರಾಶ್ರಿತ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದಕ್ಕೂ ಸ್ವೀಡನ್ನಿನ ಹಣ ಹರಿಯುತ್ತಿತ್ತು. ಕ್ರೇಗ್ ವಿಲಿಯಮ್ಸನ್ ಎಂಬಾತ ಹೋರಾಟಗಾರನ ಹಾಗೆ ಒಳಗೆ ಸೇರಿ ಉಪನಿರ್ದೇಶಕನೇ ಆದ. 1980ರ ಜನವರಿಯಲ್ಲಿ ಗೊತ್ತಾಯಿತು, ಅವನು ದಕ್ಷಿಣ ಆಫ್ರಿಕಾ ಪೊಲೀಸರ ಗೂಢಚಾರ. ಯಾರಿಗೆ ಹಣ ಹೋಗುತ್ತದೆ ಅನ್ನುವ ಪಟ್ಟಿ ಇದ್ದ ಮೇಜಿನ ಮುಂದೆ ಅವನು ಕೂತಿದ್ದ. ಸಂಸ್ಥೆ ಮುಚ್ಚಿಹೋಯಿತು. 1982ರಲ್ಲಿ ಪಕ್ಕದ ಮೊಜಾಂಬಿಕ್ ದೇಶದ ಮಾಪುಟೋದಲ್ಲಿ ವರ್ಣಭೇದ ವಿರೋಧಿ ಹೋರಾಟಗಾರ್ತಿ ರೂತ್ ಫಸ್ಟ್ ಅವರನ್ನು ಕೊಂದ ಪಾರ್ಸಲ್ ಬಾಂಬಿನ ಹಿಂದೆಯೂ ಅವನೇ ಇದ್ದ. ತಪ್ಪೊಪ್ಪಿಕೊಂಡು 2000ದಲ್ಲಿ ಕ್ಷಮಾದಾನ ಪಡೆದ. ಒಬ್ಬರ ಕೈಯಲ್ಲಿ ಎಲ್ಲ ಹೆಸರು ಇರಬಾರದು ಅಂತ ಕಾಲಿನ್ಸ್ ಮೊದಲಿಂದ ಯಾಕೆ ಹಟ ಹಿಡಿದಿದ್ದರು ಅಂತ ಆಗ ಎಲ್ಲರಿಗೂ ಅರ್ಥವಾಯಿತು.

80ರ ದಶಕದ ಮಧ್ಯಕ್ಕೆ ಯುರೋಪಿಯನ್ ಸಮುದಾಯದ ದೇಶಗಳು ಸೇರಿ ಒಂದು ಕಾರ್ಯಕ್ರಮ ಮಾಡಿದವು. ಹಣ ಚರ್ಚುಗಳ ಮಂಡಳಿ, ಕ್ಯಾಥೊಲಿಕ್ ಬಿಷಪ್ಪರ ಸಭೆ, ಹೊಸದಾಗಿ ಹುಟ್ಟಿದ ಕಾಗಿಸೋ ಟ್ರಸ್ಟ್ ಇವುಗಳ ಮೂಲಕ ಸಣ್ಣ ಸಣ್ಣ ಗುಂಪುಗಳಿಗೆ ಹೋಗುತ್ತಿತ್ತು. ಕೆಲವು ಸರ್ಕಾರಗಳ ಮನಸ್ಸು ಶುದ್ಧವಾಗಿರಲಿಲ್ಲ. ನಿರ್ಬಂಧ ಹಾಕಿ ಅಂದರೆ ತಯಾರಿಲ್ಲ, ಅದರ ಬದಲು ನೊಂದವರಿಗೆ ನಾಲ್ಕು ಕಾಸು ಕೊಡುತ್ತೇವೆ ಅನ್ನುವ ಲೆಕ್ಕ. ಆದರೂ ಆ ಹಣ ಉಪಯೋಗಕ್ಕೆ ಬಂತು. ಯಾಕೆಂದರೆ ಎಲ್ಲಿ ಖರ್ಚು ಮಾಡಬೇಕು ಅಂತ ತೀರ್ಮಾನ ಮಾಡಿದವರು ಅಲ್ಲಿಯವರೇ. ಊರೂರಿಗೆ ಸಲಹಾ ಕಚೇರಿಗಳು ತೆರೆದವು. ಒಂದು ಕೋಣೆ, ಒಂದು ಬೆಂಚು, ಅರ್ಜಿ ಬರೆದುಕೊಡುವ ಒಬ್ಬರು. ಪಿಂಚಣಿ ಬಂದಿಲ್ಲ, ಮಗನನ್ನು ಎಲ್ಲಿ ಇಟ್ಟಿದ್ದಾರೋ ಗೊತ್ತಿಲ್ಲ, ಕಪ್ಪು ಜನ ಓಡಾಡಲು ಇಟ್ಟುಕೊಳ್ಳಲೇಬೇಕಿದ್ದ ಗುರುತಿನ ಪಾಸ್‌ಬುಕ್ ಕಿತ್ತುಕೊಂಡರು ಅಂತ ಜನ ಬಂದು ಕೂರುವ ಜಾಗ. ಅದರ ವರ್ಣನೆ ಓದಿದಾಗ ನನಗೆ ನಮ್ಮ ಆಫೀಸೇ ಕಣ್ಣಿಗೆ ಕಟ್ಟಿತು.

1990ರ ಫೆಬ್ರುವರಿ 11ಕ್ಕೆ ಮಂಡೇಲಾ ಹೊರಗೆ ಬಂದರು. ಮರು ತಿಂಗಳೇ ಸ್ಟಾಕ್‌ಹೋಮಿಗೆ ಹೋದರು. ಪಾರ್ಶ್ವವಾಯು ಬಡಿದ ಟಾಂಬೋ ಅಲ್ಲಿ ಚಿಕಿತ್ಸೆಯಲ್ಲಿದ್ದರು. ಹತ್ತಿರ ಹತ್ತಿರ ಮೂವತ್ತು ವರ್ಷ ಆದ ಮೇಲೆ ಹಳೆಯ ಗೆಳೆಯರು ಮುಖ ನೋಡಿಕೊಂಡರು. 1991ರಲ್ಲಿ ಡಿಫೆನ್ಸ್ ಅಂಡ್ ಏಡ್ ತನ್ನ ಬಾಗಿಲು ತಾನೇ ಮುಚ್ಚಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1994ರಲ್ಲಿ ಚುನಾವಣೆ ಆಗಿ ಮಂಡೇಲಾ ಅಧ್ಯಕ್ಷರಾದರು. ಆಗ ಹಣ ಕೊಡುತ್ತಿದ್ದ ದೇಶಗಳೆಲ್ಲ, ಇನ್ನು ಒಳ್ಳೆಯ ಸರ್ಕಾರ ಬಂತಲ್ಲ, ಅದಕ್ಕೇ ಕೊಡೋಣ ಅಂದವು. ಕೇಳಲು ಸರಿಯಾಗೇ ಇದೆ. ಆದರೆ ಎರಡು ಮೂರು ವರ್ಷದೊಳಗೆ ಎಷ್ಟೋ ಸಂಸ್ಥೆಗಳು ಬೀಗ ಹಾಕಿದವು. ಚಳವಳಿಯಲ್ಲಿದ್ದ ಜಾಣರನ್ನು ಹೊಸ ಸರ್ಕಾರ ಕೆಲಸಕ್ಕೆ ಕರೆದುಕೊಂಡಿತು. ಹಣವೂ ಹೋಯಿತು, ಜನವೂ ಹೋದರು. ಸಲಹಾ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದ ಮುದುಕಿಗೆ ಪಿಂಚಣಿ ಮಾತ್ರ ಇನ್ನೂ ಬಂದಿರಲಿಲ್ಲ.

ಒಳ್ಳೆಯ ಸರ್ಕಾರಕ್ಕೂ ಎದುರು ನಿಂತು ಕೇಳುವವರು ಬೇಕು ಅನ್ನುವುದು ಬೇಗನೆ ಗೊತ್ತಾಯಿತು. ಏಡ್ಸ್ ಕಾಯಿಲೆಯಿಂದ ಜನ ಸಾಯುತ್ತಿದ್ದರು. ಹೆರಿಗೆಯ ಹೊತ್ತಿಗೆ ತಾಯಿಗೆ ನೆವಿರಾಪಿನ್ ಅಂತ ಒಂದು ಮಾತ್ರೆ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಎಷ್ಟೋ ಕಡಿಮೆಯಾಗುತ್ತಿತ್ತು. ಮಂಡೇಲಾ ನಂತರ ಬಂದ ಎಂಬೆಕಿ ಸರ್ಕಾರ ಅದನ್ನು ಎಲ್ಲ ಆಸ್ಪತ್ರೆಗಳಲ್ಲಿ ಕೊಡಲು ಒಪ್ಪಲಿಲ್ಲ. 1998ರ ಡಿಸೆಂಬರ್ 10ರಂದು ಹುಟ್ಟಿದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಕೋರ್ಟಿಗೆ ಹೋಯಿತು. ಕೇಸು ನಡೆಸಿದ್ದು ಲೀಗಲ್ ರಿಸೋರ್ಸಸ್ ಸೆಂಟರ್. ಅದು 1979ರಲ್ಲಿ, ವರ್ಣಭೇದದ ಕಾಲದಲ್ಲಿ, ಆರ್ಥರ್ ಚಾಸ್ಕಲ್ಸನ್ ಮತ್ತು ಗೆಳೆಯರು ಅಮೆರಿಕದ ಖಾಸಗಿ ದತ್ತಿಗಳ ನೆರವಿನಿಂದ ಕಟ್ಟಿದ ಸಂಸ್ಥೆ. 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು, ಮಾತ್ರೆ ಕೊಡಲೇಬೇಕು ಅಂತ. ಆಗ ಅಲ್ಲಿನ ಮುಖ್ಯ ನ್ಯಾಯಾಧೀಶರು ಯಾರು ಗೊತ್ತಾ? ಅದೇ ಚಾಸ್ಕಲ್ಸನ್. 1979ರಲ್ಲಿ ಹಣ ಕೊಟ್ಟ ಯಾರೂ ಈ ದಿನವನ್ನು ಕಂಡಿರಲಾರರು. ಮೂರು ವರ್ಷದ ಪ್ರಾಜೆಕ್ಟ್, ಆರು ತಿಂಗಳಿಗೊಂದು ರಿಪೋರ್ಟ್ ಅನ್ನುವ ಅಳತೆಗೆ ಇಂಥದ್ದು ಸಿಗುವುದಿಲ್ಲ.

ಇನ್ನು ಮೊನ್ನೆ ಮೊನ್ನೆಯ ಮಾತು. 2003ರಿಂದ ಅಮೆರಿಕ ಪೆಪ್‌ಫಾರ್ ಎಂಬ ಕಾರ್ಯಕ್ರಮದಲ್ಲಿ ಏಡ್ಸ್ ಚಿಕಿತ್ಸೆಗೆ ಹಣ ಕೊಡುತ್ತಿತ್ತು. ದಕ್ಷಿಣ ಆಫ್ರಿಕಾದ ಏಡ್ಸ್ ಖರ್ಚಿನಲ್ಲಿ ಅದು ಸುಮಾರು 17 ಪ್ರತಿಶತ. ಅದರಲ್ಲಿ ದೊಡ್ಡ ಪಾಲು ಸಂಸ್ಥೆಗಳ ಮೂಲಕ ಹೋಗುತ್ತಿತ್ತು. 2025ರ ಜನವರಿ 20ರಂದು ಹೊಸ ಅಧ್ಯಕ್ಷರು ಒಂದು ಸಹಿ ಹಾಕಿದರು, ವಿದೇಶಿ ನೆರವೆಲ್ಲ ತಡೆ. ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆಂದೇ ಇನ್ನೊಂದು ಆದೇಶ. ಜುಲೈ 1ಕ್ಕೆ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿತು. ಮನೆಮನೆಗೆ ಹೋಗಿ ಮಾತ್ರೆ ತಗೊಂಡೆಯಾ ಅಂತ ಕೇಳುತ್ತಿದ್ದ ಕಾರ್ಯಕರ್ತೆಯರ ಕೆಲಸ ಹೋಯಿತು. ಸ್ವೀಡನ್ನೂ ಮೊದಲಿನ ಹಾಗಿಲ್ಲ. ರಾಷ್ಟ್ರೀಯ ಆದಾಯದ 1 ಪ್ರತಿಶತ ನೆರವಿಗೆ ಅನ್ನುವ ಹಳೆಯ ಗುರಿಯನ್ನು 2022ರಲ್ಲಿ ಬಂದ ಸರ್ಕಾರ ಕೈಬಿಟ್ಟಿತು. ಒಂದು ರಾಜಧಾನಿಯಲ್ಲಿ ಗಾಳಿ ತಿರುಗಿದರೆ ಸಾವಿರಾರು ಮೈಲಿ ಆಚೆ ಒಬ್ಬಾಕೆಯ ಮಾತ್ರೆ ತಪ್ಪುತ್ತದೆ ಅಂದರೆ ಆ ದಾರಿ ಕಟ್ಟಿದ್ದರಲ್ಲೇ ದೋಷ ಇದೆ. ಡಿಫೆನ್ಸ್ ಅಂಡ್ ಏಡ್‌ಗೆ ಹಣ ಹಾಕುತ್ತಿದ್ದ ಸರ್ಕಾರಗಳು ಹಲವು. ಒಂದು ಹಿಂದೆ ಸರಿದರೂ ಕಾಗದ ನಿಲ್ಲುತ್ತಿರಲಿಲ್ಲ.

ನಮ್ಮ ದೇಶದ ಬಗ್ಗೆ ಒಂದೆರಡು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. 2005ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರಜಾಪ್ರಭುತ್ವ ನಿಧಿ ಶುರುವಾದಾಗ ಮೊದಲ ಸಾಲಿನಲ್ಲಿ ನಿಂತು 1 ಕೋಟಿ ಡಾಲರ್ ಕೊಡುವುದಾಗಿ ಹೇಳಿದ್ದು ಭಾರತ. ಆ ನಿಧಿಯ ಹಣ ಬಹುಮಟ್ಟಿಗೆ ಹೋಗುವುದು ಬೇರೆ ಬೇರೆ ದೇಶಗಳ ಸ್ಥಳೀಯ ಸಂಘ-ಸಂಸ್ಥೆಗಳಿಗೇ. ನನಗೆ ಅದು ಹೆಮ್ಮೆ. ಇತ್ತ ನಮ್ಮಲ್ಲಿ ಎಫ್‌ಸಿಆರ್‌ಎಗೆ 2020ರ ತಿದ್ದುಪಡಿ ಬಂತು. ಹೊರಗಿನ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ. ಆಡಳಿತದ ಖರ್ಚು 50 ಪ್ರತಿಶತದಿಂದ 20ಕ್ಕೆ ಇಳಿಯಿತು. ಮೊದಲ ಖಾತೆ ದೆಹಲಿಯ ಒಂದೇ ಬ್ಯಾಂಕ್ ಶಾಖೆಯಲ್ಲಿ. ಲೆಕ್ಕ ಸ್ಪಷ್ಟ ಇರಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ, ಜೀವನವಿಡೀ ಅದನ್ನೇ ಮಾಡಿದ್ದೇನೆ. ಆದರೆ ದೊಡ್ಡ ಸಂಸ್ಥೆಯಿಂದ ಸಣ್ಣ ಸಂಸ್ಥೆಗೆ ಹಣ ಹೋಗುವುದನ್ನು ನಿಲ್ಲಿಸಿದರೆ ನಿಲ್ಲುವುದು ಕೊನೆಯ ಕೈ. ತಾಲ್ಲೂಕಿನಲ್ಲಿ ಕೂತು ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ಬರೆಯಲಾಗದವರು, ಆದರೆ ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಅಂತ ಬಲ್ಲವರು. ಕಾಗಿಸೋ ಟ್ರಸ್ಟ್‌ನಂಥ ಕೊಂಡಿ ಇರದಿದ್ದರೆ ಯುರೋಪಿನ ಹಣ ಆ ಬೆಂಚಿನವರೆಗೆ ಬರುತ್ತಿತ್ತಾ?

ನಮ್ಮ ಆಫೀಸು 2021ರಲ್ಲಿ ಮುಚ್ಚಿತು. ಬಾಡಿಗೆ ಕೋಣೆ ಬಿಟ್ಟುಕೊಟ್ಟೆವು. ಕಾಗದಪತ್ರ ಇದ್ದ ಕಬ್ಬಿಣದ ಅಲ್ಮಾರಿಯನ್ನು ನನ್ನ ಮನೆಗೆ ತಂದೆ. ಲಂಡನ್ನಿನ ಆ ಕಾಗದಗಳೂ ಹೀಗೇ ಉಳಿದಿವೆ. ಡಿಫೆನ್ಸ್ ಅಂಡ್ ಏಡ್ ಮುಚ್ಚಿದಾಗ ಅದರ ದಾಖಲೆಗಳನ್ನು ಕಳಿಸಿದ್ದು ಕೇಪ್‌ಟೌನಿನ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯಕ್ಕೆ. ಶೂ ತಗೊಂಡ ಲೆಕ್ಕ, ಬಾಡಿಗೆಯ ಲೆಕ್ಕ ಎಲ್ಲ ಈಗ ಅವರ ದೇಶದಲ್ಲೇ ಇದೆ.

ಹೋದ ಬೇಸಿಗೆಯಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ದೇವದುರ್ಗದ ಅದೇ ಹೆಣ್ಣುಮಗಳು, ಜೊತೆಗೆ ಮಗ. ಮೈದುನ ಮತ್ತೆ ತಕರಾರು ತೆಗೆದಿದ್ದಾನೆ, ಕೋರ್ಟಿಗೆ ಹಳೆಯ ವಂಶಾವಳಿ, ಅಫಿಡವಿಟ್ ಬೇಕು. “ನಿಮ್ಮ ಹಂತ್ಯಾಕ ಇದ್ದರ ನೋಡ್ರಿ ಅಕ್ಕಾ” ಅಂದಳು. ಅಲ್ಮಾರಿಯ ಮೂರನೇ ಅಂಕಣದಲ್ಲಿ ಫೈಲು ಸಿಕ್ಕಿತು. 140 ರೂಪಾಯಿಯ ಆ ವೋಚರ್ ಕೂಡ ಅದರೊಳಗೇ ಇತ್ತು. ಹೆಬ್ಬೆಟ್ಟಿನ ಗುರುತು ಇನ್ನೂ ಮಾಸಿಲ್ಲ. ಬೇಕಾದ ಕಾಗದಗಳನ್ನು ಜೆರಾಕ್ಸ್ ಮಾಡಿಸಿ ಮಗನ ಕೈಗೆ ಕೊಟ್ಟೆ. ಬಸ್ ಚಾರ್ಜ್ ಅವರೇ ಹಾಕಿಕೊಂಡು ಬಂದಿದ್ದರು.